ಆಕರಶೋಧನೆಯ ಶಿಕ್ಷಣ: ವಿಜ್ಞಾನವಿದ್ಯಾರ್ಥಿಗಳ ವ್ಯಾಸಂಗದಲ್ಲಿ ಅದರ ಚರಿತ್ರೆ

೧

ಶಾಸ್ತ್ರವನ್ನು ಕಲಿಯುವುದು ಒಂದು. ಆ ಶಾಸ್ತ್ರದಲ್ಲಿ ಯಾರು ಯಾವುದನ್ನು ಎಲ್ಲಿ ಹೇಳಿರುವರೆಂಬುದನ್ನು ಕಂಡುಕೊಳ್ಳುವ ಬಗೆಯನ್ನು ಕಲಿಯುವುದು ಮತ್ತೊಂದು. ಗುರುಮುಖದಿಂದಲೇ ಪಾಠವಾಗುತ್ತಿದ್ದ ಕಾಲದಲ್ಲಿ ಈ ಭೇದವು ಅಷ್ಟಾಗಿ ತೋರುತ್ತಿರಲಿಲ್ಲ. ಗ್ರಂಥವು ಗುರುವಿನ ಕಂಠದಲ್ಲಿದ್ದುದರಿಂದ ಶಿಷ್ಯನು ಗುರುವನ್ನು ಸೇರಿದೊಡನೆ ಆಕರವನ್ನೂ ಸೇರಿದಂತಾಗುತ್ತಿತ್ತು. ಆದರೂ ವಾಙ್ಮಯವು ಬೆಳೆದಂತೆಲ್ಲ ಅದರೊಳಗೆ ದಾರಿ ತೋರುವ ಸಾಧನಗಳು ಬೇಕಾಗುವುವೆಂಬುದನ್ನು ಪ್ರಾಚೀನರು ಅರಿತಿದ್ದರು. ಕಾತ್ಯಾಯನನ ಸರ್ವಾನುಕ್ರಮಣಿಯು ಋಗ್ವೇದದ ಒಂದೊಂದು ಸೂಕ್ತಕ್ಕೂ ಅದರ ಪ್ರತೀಕ, ಋಕ್ಕುಗಳ ಸಂಖ್ಯೆ, ಋಷಿ, ದೇವತೆ, ಛಂದಸ್ಸು ಇವುಗಳನ್ನು ಕ್ರಮವಾಗಿ ಹೇಳುತ್ತದೆ. ಇದನ್ನು ಅತಿ ಪ್ರಾಚೀನವಾದ ಸೂಚಿಗ್ರಂಥಗಳಲ್ಲೊಂದೆಂದು ಎಣಿಸಿದರೆ ತಪ್ಪಾಗಲಾರದು. ಆದರೆ ಅನುಕ್ರಮಣಿಯನ್ನು ಕೈಯಲ್ಲಿ ಹಿಡಿದವನೆಲ್ಲ ವೇದಾರ್ಥವನ್ನು ಬಲ್ಲವನಾಗನು. ಸೂಚಿಯು ಸ್ಥಳವನ್ನು ತೋರಿಸುವುದೇ ಹೊರತು ಅರ್ಥವನ್ನೂ ಪ್ರಾಮಾಣ್ಯವನ್ನೂ ನಿರ್ಣಯಿಸಿಕೊಡದು.

ಆಧುನಿಕ ವಿಜ್ಞಾನದ ಮತ್ತು ತಂತ್ರವಿದ್ಯೆಯ ವಿದ್ಯಾರ್ಥಿಗಳಿಗೆ ಆಕರಗಳನ್ನು ಹುಡುಕುವ ಹಾಗೂ ಪರೀಕ್ಷಿಸುವ ಬಗೆಯನ್ನು ಕಲಿಸುವ ಕಾರ್ಯಕ್ಕೆ ಈಚಿನವರು 'ಮಾಹಿತಿ ಸಾಕ್ಷರತೆ'ಯ ಶಿಕ್ಷಣವೆಂದು ಹೆಸರಿಟ್ಟಿದ್ದಾರೆ. ತನಗೆ ಬೇಕಾದುದು ಏನೆಂಬುದನ್ನು ನಿಶ್ಚಯಿಸುವುದು, ಅದಿರುವ ಎಡೆಯನ್ನು ಕಾಣುವುದು, ಕಂಡುದನ್ನು ಪರೀಕ್ಷಿಸುವುದು, ಪರೀಕ್ಷೆಗೆ ನಿಂತುದನ್ನು ಮೂಲದ ಋಣವನ್ನು ಮರೆಯದೆ ಉಪಯೋಗಿಸುವುದು ಎಂಬ ನಾಲ್ಕೂ ಅದರ ಅಂಗಗಳು. ಇದರ ಚರಿತ್ರೆಯನ್ನು ಪರ್ಯಾಲೋಚಿಸಿದರೆ ಒಂದಂಶವು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಸೂಚಿಗಳನ್ನು ನಿರ್ಮಿಸುವ ಕಾರ್ಯವು ಪ್ರತಿಯೊಂದು ತಲೆಮಾರಿನಲ್ಲಿಯೂ ಮುಂದಾಗಿ ನಡೆದಿದೆ. ಅವನ್ನು ಬಳಸುವ ವಿವೇಕವನ್ನು ಬೋಧಿಸುವ ಕಾರ್ಯವು ಹಿಂದೆ ಬಿದ್ದಿದೆ. ಮೊದಲನೆಯದು ನಡೆದರೆ ಎರಡನೆಯದು ತಾನಾಗಿಯೇ ನಡೆಯುವುದೆಂಬ ಭ್ರಾಂತಿಯೇ ಇದಕ್ಕೆ ಕಾರಣವೆಂಬುದು ಮುಂದಿನ ನಿದರ್ಶನಗಳಿಂದ ವಿಶದವಾಗುತ್ತದೆ.

೨

ವಿಜ್ಞಾನದ ನಿಯತಕಾಲಿಕೆಗಳ ಉದಯವನ್ನು ಕ್ರಿ. ಶ. ೧೬೬೫ರಿಂದ ಎಣಿಸುವುದು ವಾಡಿಕೆ. ಆ ವರ್ಷದ ಜನವರಿಯಲ್ಲಿ ಪ್ಯಾರಿಸಿನಲ್ಲಿ 'ಜೂರ್ನಾಲ್ ದೆ ಸಾವಾಂ' ಎಂಬ ಪತ್ರಿಕೆಯೂ, ಮಾರ್ಚಿಯಲ್ಲಿ ಲಂಡನ್ನಿನಲ್ಲಿ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' ಎಂಬ ಪತ್ರಿಕೆಯೂ ಹೊರಟವು. ಅದಕ್ಕೆ ಹಿಂದೆ ಪಂಡಿತರು ತಮ್ಮ ಶೋಧನೆಗಳನ್ನು ಪತ್ರಮುಖೇನ ಪರಸ್ಪರ ತಿಳಿಸುತ್ತಿದ್ದರು, ಇಲ್ಲವೆ ಬೃಹದ್ಗ್ರಂಥಗಳಲ್ಲಿ ಅಡಕಗೊಳಿಸುತ್ತಿದ್ದರು. ಪತ್ರಿಕೆಗಳು ಬಂದ ಮೇಲೆ ವಿಜ್ಞಾನವು ಸಣ್ಣ ಸಣ್ಣ ಪ್ರಬಂಧಗಳಾಗಿ ಒಡೆದು ನಾನಾ ದೇಶಗಳ ನಾನಾ ಭಾಷೆಗಳ ಸಂಪುಟಗಳಲ್ಲಿ ಚದುರಿತು. ಹತ್ತೊಂಬತ್ತನೆಯ ಶತಮಾನದ ಮಧ್ಯಕಾಲಕ್ಕೆ ಬರುವ ವೇಳೆಗೆ, ಹಿಂದಿನವರು ಏನನ್ನು ಕಂಡುಹಿಡಿದಿರುವರೆಂಬುದನ್ನು ತಿಳಿಯುವುದೇ ಹೊಸದನ್ನು ಕಂಡುಹಿಡಿಯುವಷ್ಟು ಕಷ್ಟವಾಯಿತು.

ಈ ಕಷ್ಟದ ಸ್ವರೂಪವನ್ನು ತಿಳಿಯುವುದಕ್ಕೆ ಗ್ರೆಗೊರ್ ಮೆಂಡೆಲನ ಪ್ರಬಂಧದ ಕಥೆಗಿಂತ ತಕ್ಕ ದೃಷ್ಟಾಂತವಿಲ್ಲ. ಬ್ರ್ಯುನ್ ನಗರದ ಮಠವೊಂದರ ಸಂನ್ಯಾಸಿಯಾಗಿದ್ದ ಮೆಂಡೆಲನು ಬಟಾಣಿ ಗಿಡಗಳ ಸಂಕರದ ಮೇಲೆ ತಾನು ನಡೆಸಿದ ಪ್ರಯೋಗಗಳ ವಿವರವನ್ನು ೧೮೬೫ನೆಯ ಫೆಬ್ರವರಿ ಮತ್ತು ಮಾರ್ಚಿ ತಿಂಗಳುಗಳಲ್ಲಿ ಆ ಊರಿನ ನಿಸರ್ಗಶಾಸ್ತ್ರಸಂಘದಲ್ಲಿ ಓದಿದನು. ಅದು ೧೮೬೬ರಲ್ಲಿ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಪತ್ರಿಕೆಯು ಯೂರೋಪಿನ ಮತ್ತು ಅಮೆರಿಕದ ನೂರಕ್ಕೂ ಮೇಲ್ಪಟ್ಟ ಸಂಸ್ಥೆಗಳಿಗೆ ಹೋಗುತ್ತಿತ್ತು. ಮೆಂಡೆಲನು ನಲವತ್ತು ಬಿಡಿಪ್ರತಿಗಳನ್ನು ಬೇರೆ ತೆಗೆಸಿಕೊಂಡಿದ್ದನು. ಅನುವಂಶಿಕತೆಯ ಮೂಲಸೂತ್ರಗಳು ಹೀಗೆ ಅಚ್ಚಿನಲ್ಲಿದ್ದರೂ ಮೂವತ್ತನಾಲ್ಕು ವರ್ಷಗಳ ಕಾಲ ಅವುಗಳ ಬೆಲೆಯನ್ನು ಯಾರೂ ಕಾಣಲಿಲ್ಲ. ೧೮೮೪ರಲ್ಲಿ ಮೆಂಡೆಲನು ತೀರಿಕೊಂಡನು. ೧೯೦೦ರಲ್ಲಿ ದ ಫ್ರೀಸ್, ಕೊರೆನ್ಸ್, ಚೆರ್ಮಾಕ್ ಎಂಬ ಮೂವರು ತಮ್ಮ ತಮ್ಮ ಪ್ರಯೋಗಗಳ ಫಲವನ್ನು ಪ್ರಕಟಿಸುವಾಗ ಆ ಹಳೆಯ ಪ್ರಬಂಧವು ಬೆಳಕಿಗೆ ಬಂದಿತು.

ಪ್ರಬಂಧವು ಕಳೆದುಹೋಗಿದ್ದಿತೆಂದು ಸಾಮಾನ್ಯವಾಗಿ ಹೇಳುವುದುಂಟು. ಇದು ಅಷ್ಟು ಸರಿಯಲ್ಲ. ಲಂಡನ್ನಿನ ರಾಯಲ್ ಸೊಸೈಟಿಯವರು ಸಿದ್ಧಪಡಿಸಿದ ವಿಜ್ಞಾನಪ್ರಬಂಧಗಳ ಪಟ್ಟಿಯ ೧೮೭೯ರ ಸಂಪುಟದಲ್ಲಿ ಅದರ ಹೆಸರು ಸೇರಿದೆ. ೧೮೮೧ರಲ್ಲಿ ಫೋಕೆ ಎಂಬ ಪಂಡಿತನು ಸಸ್ಯಸಂಕರದ ಮೇಲೆ ಬರೆದ ಗ್ರಂಥದಲ್ಲಿ ಮೆಂಡೆಲನ ಹೆಸರನ್ನು ಹಲವು ಕಡೆ ಎತ್ತಿದ್ದಾನೆ. ಮುಂದೆ ಶೋಧಕರಿಗೆ ಮೂಲಪ್ರಬಂಧದ ದಾರಿಯನ್ನು ತೋರಿದ ಪುಸ್ತಕಗಳಲ್ಲಿ ಇದೇ ಮುಖ್ಯವಾದುದು. ಆದರೆ ರಾಯಲ್ ಸೊಸೈಟಿಯ ಪಟ್ಟಿಯು ಗ್ರಂಥಕರ್ತರ ಹೆಸರಿನ ಕ್ರಮದಲ್ಲಿದ್ದಿತು. ಮೆಂಡೆಲನೆಂಬ ಹೆಸರನ್ನು ಮೊದಲೇ ಬಲ್ಲವನಿಗೆ ಅದು ದಾರಿ ತೋರುವುದೇ ಹೊರತು, ಅನುವಂಶಿಕತೆಯ ವಿಷಯದಲ್ಲಿ ಏನಿದೆಯೆಂದು ಕೇಳುವವನಿಗೆ ಉತ್ತರ ಕೊಡದು.

ಇಷ್ಟೇ ಆಗಿದ್ದರೆ ದೋಷವೆಲ್ಲ ಸೂಚಿಯದೆಂದು ಹೇಳಬಹುದಾಗಿತ್ತು. ಮ್ಯೂನಿಕ್ಕಿನ ಪ್ರಸಿದ್ಧ ಸಸ್ಯಶಾಸ್ತ್ರಜ್ಞನಾದ ನೇಗೆಲಿಗೆ ಮೆಂಡೆಲನು ತಾನೇ ಪ್ರಬಂಧವನ್ನು ಕಳುಹಿಸಿದ್ದನು. ಇಬ್ಬರಿಗೂ ೧೮೭೩ರ ವರೆಗೆ ಪತ್ರವ್ಯವಹಾರವು ನಡೆಯಿತು. ಹೀಗಿದ್ದೂ ನೇಗೆಲಿಗೆ ಅದರ ಮಹತ್ತ್ವವು ಹೊಳೆಯಲಿಲ್ಲ. ಸಸ್ಯಗಳ ವಿಷಯದಲ್ಲಿ ಲೆಕ್ಕಾಚಾರದ ವಿಧಾನವು ಅಂದಿನವರಿಗೆ ಅಪರಿಚಿತವಾಗಿದ್ದಿತು. ಹೀಗೆ ಒಂದೇ ಕಥೆಯಲ್ಲಿ ಎರಡು ಕೊರತೆಗಳು ಕಾಣುತ್ತವೆ. ಹಲವರಿಗೆ ಪ್ರಬಂಧವು ಸಿಕ್ಕಲಿಲ್ಲ, ಸಿಕ್ಕಿದವನಿಗೆ ತೂಗಿನೋಡುವುದಾಗಲಿಲ್ಲ. ಮೊದಲನೆಯ ಕೊರತೆಯನ್ನು ಸೂಚಿಯಿಂದ ನೀಗಬಹುದು. ಎರಡನೆಯದನ್ನು ನೀಗುವುದಕ್ಕೆ ಶಿಕ್ಷಣವೇ ಬೇಕು.

೩

ಸೂಚಿಗಳ ನಿರ್ಮಾಣದಲ್ಲಿ ಪಾಶ್ಚಾತ್ಯರು ತೋರಿದ ಪರಿಶ್ರಮವು ಆಶ್ಚರ್ಯಕರವಾದುದು. ರಾಯಲ್ ಸೊಸೈಟಿಯ ಪಟ್ಟಿಗೆ ಬೀಜವನ್ನು ಬಿತ್ತಿದವನು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದ ಜೋಸೆಫ್ ಹೆನ್ರಿ. ಅವನ ಸೂಚನೆಯು ೧೮೫೫ರಲ್ಲಿ ಗ್ಲಾಸ್ಗೋದಲ್ಲಿ ಕೂಡಿದ ಬ್ರಿಟಿಷ್ ವಿಜ್ಞಾನಸಭೆಯ ಮುಂದೆ ಬಂದಿತು. ಮೊದಲ ಸಂಪುಟವು ೧೮೬೭ರಲ್ಲಿಯೂ ಕಡೆಯದಾದ ಹತ್ತೊಂಬತ್ತನೆಯ ಸಂಪುಟವು ೧೯೨೫ರಲ್ಲಿಯೂ ಪ್ರಕಟವಾದವು. ವಿಷಯಾನುಸಾರವಾದ ಸೂಚಿಯನ್ನೂ ಕೊಡಬೇಕೆಂದು ಉದ್ದೇಶಿಸಿದ್ದರೂ ೧೯೦೮ರಿಂದ ೧೯೧೪ರ ವರೆಗೆ ಗಣಿತ, ಯಂತ್ರಶಾಸ್ತ್ರ, ಭೌತಶಾಸ್ತ್ರಗಳಿಗೆ ಸಂಬಂಧಪಟ್ಟ ಭಾಗಗಳು ಮಾತ್ರ ಅಚ್ಚಾಗಿ ಕೆಲಸವು ನಿಂತಿತು. ಮೆಂಡೆಲನ ವಿಷಯವಾದ ಜೀವಶಾಸ್ತ್ರದ ಪಾಲಿಗೆ ಆ ಸೂಚಿಯು ಬರಲೇ ಇಲ್ಲ.

ಹೆಸರಿನ ಪಟ್ಟಿಯಿಂದ ತೃಪ್ತಿಯಾಗದೆ ಪ್ರಬಂಧಗಳ ಸಾರವನ್ನೇ ಸಂಗ್ರಹಿಸಿಕೊಡುವ ಪತ್ರಿಕೆಗಳು ಬಂದವು. ರಸಾಯನಶಾಸ್ತ್ರದಲ್ಲಿ ಜರ್ಮನರ ಸಾರಸಂಗ್ರಹಪತ್ರಿಕೆಯು ೧೮೩೦ರಷ್ಟು ಹಿಂದೆಯೇ ಹುಟ್ಟಿತ್ತು. ಭೌತಶಾಸ್ತ್ರಕ್ಕೂ ವಿದ್ಯುದ್ವಿದ್ಯೆಗೂ ಇಂಗ್ಲೆಂಡಿನಲ್ಲಿ 'ಸೈನ್ಸ್ ಅಬ್‌ಸ್ಟ್ರಾಕ್ಟ್ಸ್' ೧೮೯೮ರಲ್ಲಿ ಮೊದಲಾಯಿತು. ೧೯೦೭ರಲ್ಲಿ ಅಮೆರಿಕದ ರಸಾಯನಶಾಸ್ತ್ರಸಂಘವು 'ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್' ಎಂಬುದನ್ನು ಆರಂಭಿಸಿ ಮೊದಲ ವರ್ಷದಲ್ಲಿಯೇ ಸುಮಾರು ಹನ್ನೆರಡು ಸಾವಿರ ಸಾರಗಳನ್ನು ಕೊಟ್ಟಿತು.

ಇವುಗಳೆಲ್ಲಕ್ಕಿಂತಲೂ ನೂತನವಾದ ಕಲ್ಪನೆಯನ್ನು ೧೯೫೫ರಲ್ಲಿ ಯುಜೀನ್ ಗಾರ್ಫೀಲ್ಡನು ವಿದ್ವಾಂಸರ ಮುಂದಿಟ್ಟನು. ಹಿಂದಿನ ತೀರ್ಪೊಂದನ್ನು ಮುಂದಿನ ಯಾವ ಯಾವ ತೀರ್ಪುಗಳು ಎತ್ತಿಕೊಂಡಿವೆ, ಒಪ್ಪಿವೆ, ತಳ್ಳಿಹಾಕಿವೆಯೆಂದು ತೋರಿಸುವ ಸೂಚಿಯು ಅಮೆರಿಕದ ವಕೀಲರಲ್ಲಿ ೧೮೭೩ರಿಂದಲೂ ಬಳಕೆಯಲ್ಲಿದ್ದಿತು. ಅದೇ ಕ್ರಮವನ್ನು ವಿಜ್ಞಾನಪ್ರಬಂಧಗಳಿಗೂ ಅನ್ವಯಿಸಬಹುದೆಂದು ಅವನು ವಾದಿಸಿದನು. ೧೯೬೪ರಲ್ಲಿ 'ಸೈನ್ಸ್ ಸೈಟೇಷನ್ ಇಂಡೆಕ್ಸ್' ಎಂಬ ಹೆಸರಿನಿಂದ ಆ ಉಲ್ಲೇಖಸೂಚಿಯು ನಿಯತವಾಗಿ ಹೊರಡತೊಡಗಿತು. ಪ್ರಬಂಧದ ಕೊನೆಯ ಆಧಾರಪಟ್ಟಿಯನ್ನು ಹಿಡಿದು ಹೊರಟವನು ಹಿಂದಕ್ಕೆ ಹೋಗಬಲ್ಲನು. ಉಲ್ಲೇಖಸೂಚಿಯನ್ನು ಹಿಡಿದವನು ಮುಂದಕ್ಕೂ ಬರಬಲ್ಲನು. ಸೂತ್ರದಿಂದ ಭಾಷ್ಯಕ್ಕೂ ಭಾಷ್ಯದಿಂದ ಟೀಕೆಗೂ ಇಳಿಯುತ್ತ ಒಂದು ಮಾತಿನ ಗತಿಯನ್ನು ಅರಸುವ ಶಾಸ್ತ್ರಾಧ್ಯಾಯಿಗಳಿಗೆ ಈ ಕ್ರಮವು ಅಪರಿಚಿತವೆನಿಸದು.

ಮುಂದೆ ಗಣಕಯಂತ್ರವೂ ಅಂತರಜಾಲವೂ ಬಂದು ಈ ಸೂಚಿಗಳನ್ನೆಲ್ಲ ಮೇಜಿನ ಮೇಲಕ್ಕೆ ತಂದುವು. ಭೌತಶಾಸ್ತ್ರಜ್ಞರ ಅಪ್ರಕಟಿತ ಪ್ರಬಂಧಗಳ 'ಆರ್ಕೈವ್' ೧೯೯೧ರಲ್ಲಿಯೂ, ವೈದ್ಯವಿಜ್ಞಾನದ ಸೂಚಿಯಾದ 'ಪಬ್‌ಮೆಡ್' ಸರ್ವರಿಗೂ ಉಚಿತವಾಗಿ ೧೯೯೭ರಲ್ಲಿಯೂ, 'ಗೂಗಲ್ ಸ್ಕಾಲರ್' ೨೦೦೪ರಲ್ಲಿಯೂ ಲಭ್ಯವಾದವು. ಒಂದು ಪದವನ್ನು ಬರೆದು ಗುಂಡಿಯನ್ನೊತ್ತಿದರೆ ಸಾವಿರಾರು ಪ್ರಬಂಧಗಳ ಹೆಸರುಗಳು ಬಂದು ನಿಲ್ಲುವ ಕಾಲವು ಒದಗಿತು.

೪

ಶಿಕ್ಷಣದ ಚರಿತ್ರೆಯು ಇಷ್ಟು ವೇಗದ್ದಲ್ಲ. ಈ ದಿಕ್ಕಿನಲ್ಲಿ ಮೊದಲು ಎಚ್ಚತ್ತವರು ಗ್ರಂಥಭಾರವನ್ನು ಎಲ್ಲರಿಗಿಂತ ಹೆಚ್ಚಾಗಿ ಹೊತ್ತಿದ್ದ ರಸಾಯನಶಾಸ್ತ್ರದ ಅಧ್ಯಾಪಕರು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿದ್ದ ಮೇರಿಯನ್ ಸ್ಪಾರ್ಕ್ಸ್ ಎಂಬಾಕೆಯು ರಸಾಯನಶಾಸ್ತ್ರದ ವಾಙ್ಮಯವನ್ನು ಬಳಸುವ ಬಗೆಯನ್ನು ವಿದ್ಯಾರ್ಥಿಗಳಿಗೆ ಪಾಠಹೇಳಿ, ೧೯೨೦ರ ಸುಮಾರಿಗೆ ಅದನ್ನು ಚಿಕ್ಕ ಪುಸ್ತಕವಾಗಿಯೂ ಪ್ರಕಟಿಸಿದಳು. 'ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್'ನ ಸಂಪಾದಕನಾದ ಕ್ರೇನನೂ ಪ್ಯಾಟರ್ಸನ್ನನೂ ಕೂಡಿ ೧೯೨೭ರಲ್ಲಿಯೂ, ಪರ್ಡ್ಯೂ ವಿಶ್ವವಿದ್ಯಾನಿಲಯದ ಮೆಲ್ಲನ್ನನು ೧೯೨೮ರಲ್ಲಿಯೂ ಇದೇ ವಿಷಯದ ಮೇಲೆ ಕೈಪಿಡಿಗಳನ್ನು ಬರೆದರು. ಇವರೆಲ್ಲರೂ ಉದ್ದೇಶಿಸಿದುದು ಒಂದೇ. ಪ್ರಯೋಗಶಾಲೆಯಲ್ಲಿ ತಕ್ಕಡಿಯನ್ನು ಹಿಡಿಯಲು ಕಲಿಸುವಂತೆ ಗ್ರಂಥಾಲಯದಲ್ಲಿ ಸೂಚಿಯನ್ನು ಹಿಡಿಯಲೂ ಕಲಿಸಬೇಕು, ಎರಡೂ ರಸಾಯನಶಾಸ್ತ್ರವೇ.

ಈ ಅಭಿಪ್ರಾಯಕ್ಕೆ ರಾಜ್ಯಮಟ್ಟದ ಮನ್ನಣೆಯು ದೊರೆತುದು ೧೯೬೩ರಲ್ಲಿ. ಅಮೆರಿಕದ ರಾಷ್ಟ್ರಾಧ್ಯಕ್ಷನ ವಿಜ್ಞಾನಸಲಹಾಸಮಿತಿಯು ಆಲ್ವಿನ್ ವೈನ್‌ಬರ್ಗನ ನೇತೃತ್ವದಲ್ಲಿ ಸಿದ್ಧಪಡಿಸಿದ ವರದಿಯು, ಮಾಹಿತಿಯನ್ನು ಕ್ರಮಪಡಿಸಿ ಇತರರಿಗೆ ಒದಗಿಸುವ ಕೆಲಸವು ವಿಜ್ಞಾನದ ಹೊರಗಿನ ಊಳಿಗವಲ್ಲ, ವಿಜ್ಞಾನದ ಅವಿಭಾಜ್ಯವಾದ ಅಂಗವೆಂದು ಸಾರಿತು. ಅದರ ವಿಧಾನಗಳನ್ನು ವಿಜ್ಞಾನಿಗಳಿಗೂ ಎಂಜಿನಿಯರುಗಳಿಗೂ ವ್ಯಾಪಕವಾಗಿ ಕಲಿಸಬೇಕೆಂದೂ ಹೇಳಿತು. 'ಮಾಹಿತಿ ಸಾಕ್ಷರತೆ' ಎಂಬ ಹೆಸರನ್ನು ಪಾಲ್ ಜುರ್ಕೋವ್ಸ್ಕಿ ಎಂಬವನು ಬಳಕೆಗೆ ತಂದುದು ಅದಾದ ಮೇಲೆ ೧೯೭೪ರಲ್ಲಿ.

ಹೇಗೆ ಕಲಿಸಬೇಕೆಂಬ ಪ್ರಶ್ನೆಗೆ ಉತ್ತರವನ್ನು ಹುಡುಕಿದವರಲ್ಲಿ ಪೆಟ್ರೀಷಿಯಾ ನ್ಯಾಪ್ ಎಂಬಾಕೆಯ ಹೆಸರು ಸ್ಮರಣೀಯವಾದುದು. ಡೆಟ್ರಾಯಿಟಿನ ಮಾಂಟೀತ್ ಕಾಲೇಜಿನಲ್ಲಿ ಆಕೆಯು ನಡೆಸಿದ ಪ್ರಯೋಗದ ವಿವರವು ೧೯೬೬ರಲ್ಲಿ ಪ್ರಕಟವಾಯಿತು. ಗ್ರಂಥಾಲಯದ ಬಳಕೆಯನ್ನು ಕಲಿಸುವುದಕ್ಕೆ ವರ್ಷದ ಮೊದಲ ದಿನ ಒಂದು ಉಪನ್ಯಾಸವನ್ನೇರ್ಪಡಿಸಿದರೆ ಸಾಲದು. ಒಂದೊಂದು ವಿಷಯದ ಪಾಠದೊಳಗೇ, ಆ ವಿಷಯದ ಅಧ್ಯಾಪಕನೂ ಗ್ರಂಥಪಾಲಕನೂ ಕೂಡಿ, ಮೆಟ್ಟಿಲು ಮೆಟ್ಟಿಲಾಗಿ ಕೊಡುವ ಅಭ್ಯಾಸಗಳಿಂದ ಅದು ಬೆಳೆಯಬೇಕೆಂಬುದು ಆಕೆಯ ಪ್ರಯತ್ನದ ಹುರುಳು. ಅಧ್ಯಾಪಕರನ್ನು ಒಲಿಸಿಕೊಳ್ಳುವುದೇ ಈ ಕಾರ್ಯದ ಕಠಿನವಾದ ಭಾಗವೆಂಬುದೂ ಅಲ್ಲಿ ಅನುಭವಕ್ಕೆ ಬಂದಿತು.

ಅಮೆರಿಕದ ಕಾಲೇಜು ಗ್ರಂಥಾಲಯಗಳ ಸಂಘವು ೨೦೦೦ರಲ್ಲಿ ಸರ್ವಸಾಮಾನ್ಯವಾದ ನಿಯಮಗಳನ್ನೂ, ೨೦೦೬ರಲ್ಲಿ ವಿಜ್ಞಾನ ಮತ್ತು ತಂತ್ರವಿದ್ಯೆಗಳಿಗೆಂದೇ ಪ್ರತ್ಯೇಕವಾಗಿ ಐದು ನಿಯಮಗಳನ್ನೂ ಗೊತ್ತುಮಾಡಿತು. ಈ ಐದರಲ್ಲಿ ಕಡೆಯದು ವಿಶೇಷವಾದುದು. ವಿಜ್ಞಾನದಲ್ಲಿ ಇಂದು ತಿಳಿದುದು ನಾಳೆಗೆ ಹಳತಾಗುವುದರಿಂದ, ಹುಡುಕುವ ಕೆಲಸವು ಪರೀಕ್ಷೆಯಾದ ಮೇಲೆ ಮುಗಿಯತಕ್ಕದ್ದಲ್ಲ, ಜೀವಮಾನವೆಲ್ಲ ನಡೆಯತಕ್ಕದ್ದೆಂದು ಅದರ ತಾತ್ಪರ್ಯ. ೨೦೦೦ದ ಸಾಮಾನ್ಯನಿಯಮಗಳನ್ನು ಸಂಘವೇ ೨೦೧೬ರಲ್ಲಿ ಹಿಂದಕ್ಕೆ ತೆಗೆದುಕೊಂಡು, ನಿಯಮಗಳ ಪಟ್ಟಿಗಿಂತ ಮೂಲಭಾವನೆಗಳ ಬೋಧನೆಯೇ ಮೇಲೆಂಬ ಮತಕ್ಕೆ ಬಂದಿತು.

೫

ಭಾರತದಲ್ಲಿ ಈ ವಿದ್ಯೆಗೆ ಶಾಸ್ತ್ರತ್ವವನ್ನು ತಂದುಕೊಟ್ಟವರು ಶಿಯಾಳಿ ರಾಮಾಮೃತ ರಂಗನಾಥನ್ ಅವರು. ೧೮೯೨ರಲ್ಲಿ ಜನಿಸಿದ ಇವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿದ್ದು, ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳನ್ನು ಪ್ರತಿಪಾದಿಸುವ ಅವರ ಗ್ರಂಥವು ೧೯೩೧ರಲ್ಲಿಯೂ, ಕೋಲನ್ ವರ್ಗೀಕರಣವು ೧೯೩೩ರಲ್ಲಿಯೂ ಪ್ರಕಟವಾದವು. ೧೯೫೭ರಲ್ಲಿ ಅವರು ಬೆಂಗಳೂರಿಗೆ ಬಂದು ನೆಲಸಿದರು. ೧೯೬೨ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರಸಂಸ್ಥೆಯ ಆಶ್ರಯದಲ್ಲಿ ಅವರು ಸ್ಥಾಪಿಸಿದ ಪ್ರಲೇಖನ ಸಂಶೋಧನೆ ಮತ್ತು ಶಿಕ್ಷಣಕೇಂದ್ರವು ಆ ನಗರದಲ್ಲಿ ಈಗಲೂ ನಡೆಯುತ್ತಿದೆ. ೧೯೭೨ರಲ್ಲಿ ಅವರು ಬೆಂಗಳೂರಿನಲ್ಲಿಯೇ ದಿವಂಗತರಾದರು.

ರಂಗನಾಥನ್ ಅವರ ಸಿದ್ಧಾಂತದಲ್ಲಿ ಪ್ರಕೃತಕ್ಕೆ ಬೇಕಾದ ಅಂಶಗಳು ಎರಡು. ಗ್ರಂಥಾಲಯದ ಆಕರಸೇವೆಯನ್ನು ಕುರಿತು ಬರೆಯುವಾಗ ಅವರು ಹೊಸ ವಿದ್ಯಾರ್ಥಿಗೆ ಗ್ರಂಥಾಲಯದ ಪರಿಚಯವನ್ನು ಮಾಡಿಕೊಡುವ ಕಾರ್ಯವನ್ನು ಒಂದು ದೀಕ್ಷೆಯಂತೆ ಪರಿಗಣಿಸಿ, ಅದಕ್ಕೆ ಪ್ರತ್ಯೇಕವಾದ ಸ್ಥಾನವನ್ನು ಕೊಟ್ಟಿದ್ದಾರೆ. ಇದು ಮೊದಲನೆಯದು. ಎರಡನೆಯದು ಅವರ ವರ್ಗೀಕರಣದ ಜೀವಾಳವಾದ ವಿಶ್ಲೇಷಣಕ್ರಮ. ಯಾವ ವಿಷಯವನ್ನಾದರೂ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳಾಗಿ ಬಿಡಿಸಬಹುದೆಂದು ಅವರ ಮತ. ಪುಸ್ತಕಗಳನ್ನು ಜೋಡಿಸುವುದಕ್ಕೆಂದು ಹೊರಟ ಈ ಕ್ರಮವು ಪ್ರಶ್ನೆಗಳನ್ನು ಬಿಡಿಸುವುದಕ್ಕೂ ಅಷ್ಟೇ ಉಪಯುಕ್ತವಾದುದು. ಶ್ಲೋಕವನ್ನು ವ್ಯಾಖ್ಯಾನಿಸುವವನು ಪದಚ್ಛೇದ, ಪದಾರ್ಥೋಕ್ತಿ, ವಿಗ್ರಹ, ವಾಕ್ಯಯೋಜನೆಗಳನ್ನು ಮಾಡದೆ ತಾತ್ಪರ್ಯಕ್ಕೆ ಹೋಗನು. ವಿಜ್ಞಾನದ ಪ್ರಶ್ನೆಗೂ ಮೊದಲು ಪದಚ್ಛೇದವಾಗಬೇಕು. ಅನಂತರ ಸೂಚಿಯನ್ನು ತೆರೆಯಬೇಕು.

ಇದಕ್ಕೆ ಕನ್ನಡನಾಡಿನದೇ ಆದ ಒಂದು ಪ್ರಶ್ನೆಯನ್ನು ಉದಾಹರಣೆಯಾಗಿ ಕೊಡಬಹುದು. ಕೋಲಾರ, ತುಮಕೂರು, ಚಿತ್ರದುರ್ಗ ಮೊದಲಾದ ಬಯಲುಸೀಮೆಯ ಜಿಲ್ಲೆಗಳ ಎಷ್ಟೋ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ. ಅದನ್ನು ಬಹುಕಾಲ ಕುಡಿದವರ ಹಲ್ಲುಗಳು ಕಂದುತ್ತವೆ. ಮೂಳೆಗಳು ಬಿಗಿದು ಸೊಂಟ ಬಾಗುವುದೂ ಉಂಟು. ಈ ನೀರನ್ನು ಶುದ್ಧಿಮಾಡುವ ಉಪಾಯವನ್ನು ಅರಸಲು ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನು ಹೊರಟನೆಂದಿಟ್ಟುಕೊಳ್ಳಬಹುದು. ಅವನ ಪ್ರಶ್ನೆಯಲ್ಲಿ ಅಂತರ್ಜಲವೆಂಬುದೊಂದು, ಫ್ಲೋರೈಡೆಂಬ ದ್ರವ್ಯವೊಂದು, ಬೇರ್ಪಡಿಸುವ ಕ್ರಿಯೆಯೊಂದು, ಬಯಲುಸೀಮೆಯೆಂಬ ದೇಶವೊಂದು, ಇಂದಿನದೆಂಬ ಕಾಲವೊಂದು ಇವೆ. ಒಂದೊಂದಕ್ಕೂ ಆಕರವು ಬೇರೆ. ಭಾರತದಲ್ಲಿ ಈ ರೋಗವನ್ನು ಷಾರ್ಟ್ ಮೊದಲಾದವರು ನೆಲ್ಲೂರು ಜಿಲ್ಲೆಯಲ್ಲಿ ಕಂಡು ೧೯೩೭ರಲ್ಲಿ ಬರೆದುದು ವೈದ್ಯಪತ್ರಿಕೆಯಲ್ಲಿ. ಕಲ್ಲಿನಿಂದ ಫ್ಲೋರೈಡು ನೀರಿಗಿಳಿಯುವ ಬಗೆಯು ಭೂವಿಜ್ಞಾನದ ಪತ್ರಿಕೆಗಳಲ್ಲಿದೆ. ಎಷ್ಟು ಇದ್ದರೆ ಸಹ್ಯವೆಂಬುದು ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನಕದಲ್ಲಿದೆ: ಲೀಟರಿಗೆ ೧ ಮಿಲಿಗ್ರಾಮು; ಬೇರೆ ನೀರಿಲ್ಲದ ಎಡೆಯಲ್ಲಿ ೧.೫ ಮಿಲಿಗ್ರಾಮು. ಶುದ್ಧೀಕರಣದ ಉಪಾಯಗಳು ಎಂಜಿನಿಯರಿಂಗ್ ಪತ್ರಿಕೆಗಳಲ್ಲಿಯೂ ಪೇಟೆಂಟುಗಳಲ್ಲಿಯೂ ಹರಡಿವೆ. ಕಾವ್ಯವನ್ನು ಓದುವವನಿಗೆ ಇರುವ ಆಕರಗಳಿಗಿಂತ ಇವುಗಳ ಜಾತಿಗಳೇ ಹೆಚ್ಚು. ತಂತ್ರವಿದ್ಯೆಯ ವಿದ್ಯಾರ್ಥಿಗೆ ಬೇರೆಯ ಶಿಕ್ಷಣವು ಬೇಕೆಂಬುದಕ್ಕೆ ಇದೇ ಕಾರಣ.

ಆ ವಿದ್ಯಾರ್ಥಿಗೆ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಸಂಸ್ಥೆಯವರು ರೂಪಿಸಿದ 'ನಲಗೊಂಡ ವಿಧಾನ'ದ ವರದಿಯು ಸಿಕ್ಕಿತೆನ್ನಬಹುದು. ಪಟಿಕವನ್ನೂ ಸುಣ್ಣವನ್ನೂ ಹಾಕಿ ಕಲಕಿ ಫ್ಲೋರೈಡನ್ನು ಕೆಳಕ್ಕಿಳಿಸುವ ಈ ವಿಧಾನವು ಸುಲಭವಾದುದು. ಅವನು ಅಲ್ಲಿಗೇ ನಿಂತರೆ ತಾನು ಗೆದ್ದೆನೆಂದು ತಿಳಿಯುವನು. ಆ ವರದಿಯನ್ನು ಮುಂದೆ ಯಾರು ಯಾರು ಎತ್ತಿಕೊಂಡಿರುವರೆಂದು ಉಲ್ಲೇಖಸೂಚಿಯಲ್ಲಿ ನೋಡಿದರೆ, ಪಟಿಕವು ಬಹಳವಾಗಿ ಬೇಕಾಗುವುದೆಂಬ, ಶುದ್ಧಿಯಾದ ನೀರಿನಲ್ಲಿ ಅಲ್ಯುಮಿನಿಯಮ್ ಉಳಿಯಬಹುದೆಂಬ ಆಕ್ಷೇಪಗಳು ಎದುರಾಗುತ್ತವೆ. ಪೂರ್ವಪಕ್ಷವನ್ನೋದಿ ಸಿದ್ಧಾಂತವನ್ನು ಬಿಟ್ಟವನಿಗೂ, ಮೊದಲ ವರದಿಯನ್ನೋದಿ ಅನಂತರದ ವಿಮರ್ಶೆಯನ್ನು ಬಿಟ್ಟವನಿಗೂ ಭೇದವಿಲ್ಲ. ಇಲ್ಲಿ ತಪ್ಪಿದರೆ ಹಾಳಾಗುವುದು ಪ್ರಬಂಧದ ಅಂಕಗಳು ಮಾತ್ರವಲ್ಲ. ಒಂದು ಊರಿನ ನೀರು.

೬

ಹುಡುಕುವ ಕೌಶಲವು ಸಿದ್ಧಿಸಿದ ಮೇಲೆಯೂ ಪರೀಕ್ಷೆಯ ಹೊಣೆಯು ಉಳಿದೇ ಇರುತ್ತದೆ. ನೈಯಾಯಿಕರು ಶಬ್ದವನ್ನು ಪ್ರಮಾಣವೆಂದು ಒಪ್ಪಿದರೂ ಹೇಳುವವನು ಆಪ್ತನಾಗಿರಬೇಕೆಂಬ ಕಟ್ಟನ್ನು ಹಾಕಿದರು. ವಿಷಯವನ್ನು ಬಲ್ಲವನೂ ಬಲ್ಲುದನ್ನು ಇದ್ದಂತೆ ಹೇಳುವವನೂ ಆಪ್ತನು. ಅಚ್ಚಾದುದೆಲ್ಲ ಆಪ್ತವಾಕ್ಯವಲ್ಲವೆಂಬುದು ವಿಜ್ಞಾನದ ಈಚಿನ ಚರಿತ್ರೆಯಲ್ಲಿ ಪದೇ ಪದೇ ಸಿದ್ಧಪಟ್ಟಿದೆ.

ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದ ಯಾನ್ ಹೆಂಡ್ರಿಕ್ ಷೋನ್ ಎಂಬ ತರುಣ ಭೌತಶಾಸ್ತ್ರಜ್ಞನು ೨೦೦೦ ಮತ್ತು ೨೦೦೧ರಲ್ಲಿ ಜಗತ್ತಿನ ಶ್ರೇಷ್ಠಪತ್ರಿಕೆಗಳಲ್ಲಿ ಒಂದರ ಮೇಲೊಂದರಂತೆ ಅದ್ಭುತವಾದ ಫಲಿತಾಂಶಗಳನ್ನು ಪ್ರಕಟಿಸಿದನು. ಪತ್ರಿಕೆಗಳ ಪರೀಕ್ಷಕರು ಅವನ್ನು ಒಪ್ಪಿದ್ದರು. ೨೦೦೨ರಲ್ಲಿ ಲಿಡಿಯಾ ಸೋನ್, ಪಾಲ್ ಮೆಕ್ಯುಯೆನ್ ಎಂಬ ವಿಜ್ಞಾನಿಗಳು ಅವನ ಪ್ರಬಂಧಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲಾಗಿ, ಬೇರೆ ಬೇರೆ ಪ್ರ‍ಯೋಗಗಳವೆಂದು ಕೊಟ್ಟಿದ್ದ ರೇಖಾಚಿತ್ರಗಳು ಒಂದೇ ಆಗಿದ್ದುದು ಗೊತ್ತಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಿಚಾರಣಾಸಮಿತಿಯು ಇಪ್ಪತ್ತನಾಲ್ಕು ಆರೋಪಗಳ ಪೈಕಿ ಹದಿನಾರರಲ್ಲಿ ಅವನು ತಪ್ಪಿತಸ್ಥನೆಂದು ತೀರ್ಮಾನಿಸಿತು. ಪತ್ರಿಕೆಗಳು ಆ ಪ್ರಬಂಧಗಳನ್ನು ಹಿಂತೆಗೆದುಕೊಂಡವು. ಮೋಸವನ್ನು ಹೊರಗೆಡಹಿದುದು ಯಾವ ಸೂಚಿಯೂ ಅಲ್ಲ. ಪಾಠಾಂತರಗಳನ್ನು ತಾಳೆ ನೋಡುವ ಗ್ರಂಥಸಂಪಾದಕನಲ್ಲಿರುವಂಥ ದೃಷ್ಟಿ. ಒಮ್ಮೆ ಹಿಂತೆಗೆದುಕೊಂಡ ಪ್ರಬಂಧದ ಹಳೆಯ ಪ್ರತಿಗಳು ಓದುಗರ ಕೈಯಲ್ಲಿ ಉಳಿದೇ ಇರುವುದರಿಂದ, ಉಲ್ಲೇಖಿಸುವುದಕ್ಕೆ ಮೊದಲು ಅದು ಈಗಲೂ ನಿಂತಿದೆಯೇ ಎಂದು ವಿಚಾರಿಸುವುದನ್ನೂ ವಿದ್ಯಾರ್ಥಿಗೆ ಕಲಿಸಬೇಕಾಗುತ್ತದೆ.

೨೦೨೨ನೆಯ ನವೆಂಬರಿನಲ್ಲಿ 'ಚಾಟ್‌ಜಿಪಿಟಿ' ಎಂಬ ಭಾಷಾಯಂತ್ರವು ಸಾರ್ವಜನಿಕರ ಬಳಕೆಗೆ ಬಂದ ಮೇಲೆ ಈ ಹೊಣೆಯು ಇಮ್ಮಡಿಸಿತು. ಇಂಥ ಯಂತ್ರಗಳು ಪ್ರಶ್ನೆಗೆ ಸರಳವಾದ ಉತ್ತರವನ್ನು ಕೊಡುವುದರ ಜೊತೆಗೆ, ಕೆಲವು ವೇಳೆ ಎಲ್ಲಿಯೂ ಇಲ್ಲದ ಪ್ರಬಂಧಗಳ ಹೆಸರು, ಕರ್ತೃ, ವರ್ಷ, ಪುಟಸಂಖ್ಯೆಗಳನ್ನು ನಂಬುವಂತೆ ಕಲ್ಪಿಸಿಕೊಡುತ್ತವೆ. ೨೦೨೩ರ ಜೂನಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು, ಯಂತ್ರವು ಹೀಗೆ ಕಲ್ಪಿಸಿದ ತೀರ್ಪುಗಳನ್ನು ಆಧಾರವಾಗಿ ಒಡ್ಡಿದ ವಕೀಲರಿಗೆ ಐದು ಸಾವಿರ ಡಾಲರುಗಳ ದಂಡವನ್ನು ವಿಧಿಸಿತು. ಗಾರ್ಫೀಲ್ಡನಿಗೆ ಮಾದರಿಯನ್ನೊದಗಿಸಿದ ವೃತ್ತಿಯಲ್ಲಿಯೇ ಹೀಗಾದುದು ಗಮನಾರ್ಹ. ಹಿಂದೆ ವಿದ್ಯಾರ್ಥಿಯ ಕಷ್ಟವೆಂದರೆ ಇರುವ ಪ್ರಬಂಧವು ಕಾಣದೆ ಹೋಗುವುದು. ಈಗ ಅದರ ಮೇಲೆ ಇಲ್ಲದ ಪ್ರಬಂಧವು ಕಾಣಿಸಿಕೊಳ್ಳುವ ಕಷ್ಟವೂ ಬಂದಿದೆ. ಮೂಲವನ್ನು ತೆರೆದು ಕಣ್ಣಾರೆ ನೋಡದೆ ಉಲ್ಲೇಖಿಸಬಾರದೆಂಬ ಹಳೆಯ ನಿಯಮವೊಂದೇ ಎರಡಕ್ಕೂ ಮದ್ದು.

೭

ಭಾರತದಲ್ಲಿ ಸಾಧನಗಳ ಸಂಗ್ರಹಕ್ಕೆ ಈಗ ಕೊರತೆಯಿದೆಯೆಂದು ಹೇಳುವಂತಿಲ್ಲ. ೧೯೫೨ರಲ್ಲಿ ದೆಹಲಿಯಲ್ಲಿ ವಿಜ್ಞಾನಪ್ರಲೇಖನಕೇಂದ್ರವೂ, ೧೯೯೧ರಲ್ಲಿ ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳನ್ನು ಜೋಡಿಸುವ 'ಇನ್‌ಫ್ಲಿಬ್‌ನೆಟ್' ವ್ಯವಸ್ಥೆಯೂ ಏರ್ಪಟ್ಟವು. ೨೦೨೪ರ ನವೆಂಬರಿನಲ್ಲಿ ಕೇಂದ್ರ ಸಚಿವಸಂಪುಟವು 'ಒಂದು ರಾಷ್ಟ್ರ, ಒಂದು ಚಂದಾ' ಎಂಬ ಯೋಜನೆಗೆ ಮೂರು ವರ್ಷಗಳಿಗೆಂದು ೬,೦೦೦ ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಮೂವತ್ತು ಪ್ರಕಾಶಕರ ಸುಮಾರು ೧೩,೦೦೦ ಪತ್ರಿಕೆಗಳನ್ನು ೬,೩೦೦ಕ್ಕೂ ಹೆಚ್ಚಿನ ಸರ್ಕಾರಿ ವಿದ್ಯಾಸಂಸ್ಥೆಗಳಿಗೂ ಸಂಶೋಧನಾಲಯಗಳಿಗೂ ಒದಗಿಸುವುದು ಅದರ ಉದ್ದೇಶ. ೨೦೨೫ರ ಜನವರಿಯಿಂದ ಅದು ಜಾರಿಗೆ ಬಂದಿತು. ಶಿಕ್ಷಣದ ಕಡೆಗೆ ನೋಡಿದರೆ, ವಿಶ್ವವಿದ್ಯಾನಿಲಯ ಅನುದಾನ ಆಯೋಗವು ೨೦೧೯ರ ಡಿಸೆಂಬರಿನಲ್ಲಿ ಸಂಶೋಧನೆ ಮತ್ತು ಪ್ರಕಟನೆಯ ನೀತಿಯನ್ನು ಕುರಿತ ಮೂವತ್ತು ಗಂಟೆಗಳ ಪಾಠಕ್ರಮವನ್ನು ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಕಡ್ಡಾಯ ಮಾಡಿತು. ಅದರ ಆರು ಭಾಗಗಳಲ್ಲಿ ಆಕರಸೂಚಿಗಳ ಬಳಕೆಯೂ ಸೇರಿದೆ. ಇದು ಶ್ಲಾಘ್ಯವಾದ ಕ್ರಮ. ಆದರೆ ಇದು ಒದಗುವುದು ವ್ಯಾಸಂಗದ ತುದಿಯಲ್ಲಿ. ಪದವಿಯನ್ನು ಪಡೆದು ಕಾರ್ಖಾನೆಗೋ ಕಚೇರಿಗೋ ನೀರು ಸರಬರಾಯಿ ಕೆಲಸಕ್ಕೋ ಹೋಗುವ ಬಹುಸಂಖ್ಯೆಯ ವಿದ್ಯಾರ್ಥಿಗಳನ್ನು ಅದು ಮುಟ್ಟುವುದಿಲ್ಲ. ಹದಿಮೂರು ಸಾವಿರ ಪತ್ರಿಕೆಗಳ ಬಾಗಿಲನ್ನು ತೆರೆದಿಟ್ಟು, ಒಳಗೆ ನಡೆಯುವ ಬಗೆಯನ್ನು ಹೇಳದಿದ್ದರೆ ಪ್ರಯೋಜನವು ಅಷ್ಟಕ್ಕಷ್ಟೆ.

ಇದಕ್ಕೆ ದೊಡ್ಡ ಹಣವಾಗಲಿ ಹೊಸ ಇಲಾಖೆಯಾಗಲಿ ಬೇಕಿಲ್ಲ. ಪದವಿತರಗತಿಯ ಒಂದೊಂದು ಪ್ರಯೋಗಪಾಠಕ್ಕೂ ಒಂದು ಸಣ್ಣ ಶೋಧನೆಯನ್ನು ಸೇರಿಸಿದರೆ ಆಗಬಹುದು. ಪಠ್ಯಪುಸ್ತಕದಲ್ಲಿ ಕೊಟ್ಟಿರುವ ಒಂದು ಅಂಕಿಯು ಯಾವ ಪ್ರಬಂಧದಿಂದ ಬಂದಿತು, ಅದನ್ನು ಯಾರು ಹೇಗೆ ಅಳೆದರು, ಅನಂತರ ಯಾರಾದರೂ ತಿದ್ದಿದರೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಿ ತರುವಂತೆ ಹೇಳಿ, ಅದನ್ನು ಅಧ್ಯಾಪಕನೂ ಗ್ರಂಥಪಾಲಕನೂ ಕೂಡಿ ತಿದ್ದಬೇಕು. ಮೂರು ವರ್ಷಗಳಲ್ಲಿ ಇಂಥ ಇಪ್ಪತ್ತು ಶೋಧನೆಗಳನ್ನು ಮಾಡಿದವನಿಗೆ ಬೇರೆ ಉಪನ್ಯಾಸವು ಬೇಕಾಗದು.

ಸಾಹಿತ್ಯವನ್ನು ಬೋಧಿಸುವವರಿಗೂ ಈ ವಿಷಯವು ಹೊರತಾದುದಲ್ಲ. ಕಿಟ್ಟೆಲ್ ಅವರ ನಿಘಂಟು ೧೮೯೪ರಲ್ಲಿಯೂ, ಆರ್. ನರಸಿಂಹಾಚಾರ್ಯರ ಕವಿಚರಿತೆಯ ಮೊದಲ ಸಂಪುಟವು ೧೯೦೭ರಲ್ಲಿಯೂ ಹೊರಬಂದ ಮೇಲೆ ಕನ್ನಡದ ವ್ಯಾಸಂಗಕ್ಕೆ ಎಷ್ಟು ಅನುಕೂಲವಾಯಿತೆಂಬುದನ್ನು ಅವರು ಬಲ್ಲರು. ಕವಿಚರಿತೆಯನ್ನು ನೋಡಿದ ಮಾತ್ರಕ್ಕೆ ಕಾವ್ಯವನ್ನೋದಿದಂತಾಗದೆಂಬುದನ್ನೂ ಬಲ್ಲರು. ಪಾಠಶೋಧನೆ, ಮೂಲದೊಡನೆ ತಾಳೆ ನೋಡುವುದು, ಕರ್ತೃವಿನ ಕಾಲದೇಶಗಳನ್ನು ವಿಚಾರಿಸುವುದು ಎಂಬ ಅಭ್ಯಾಸಗಳು ಅವರಲ್ಲಿ ಪರಂಪರೆಯಿಂದ ಬಂದಿವೆ. ಇವನ್ನು ವಿಜ್ಞಾನದ ಅಧ್ಯಾಪಕರೊಡನೆ ಹಂಚಿಕೊಳ್ಳುವುದು ಕಾಲೇಜುಗಳಲ್ಲಿ ಇಬ್ಬರಿಗೂ ಶ್ರೇಯಸ್ಕರವಾದುದು.

ವಿದ್ವತ್ಸಂಘಗಳ ಪಾಲಿಗೆ ಇನ್ನೂ ಒಂದು ಕರ್ತವ್ಯವಿದೆ. ಮೆಂಡೆಲನ ಪ್ರಬಂಧವು ಅಚ್ಚಾದುದು ಒಂದು ಊರಿನ ಸಂಘದ ಪತ್ರಿಕೆಯಲ್ಲಿ. ದೇಶಭಾಷೆಗಳ ಸಂಘಗಳ ಪತ್ರಿಕೆಗಳಲ್ಲಿಯೂ ಕೃಷಿ, ವೈದ್ಯ, ಜಲ, ಶಿಲ್ಪಗಳನ್ನು ಕುರಿತು ಎಷ್ಟೋ ಉತ್ತಮ ಲೇಖನಗಳು ಬರುತ್ತವೆ. ಒಂದೊಂದು ಸಂಪುಟವೂ ಮುಗಿದಾಗ ಕರ್ತೃನಾಮಗಳ ಸೂಚಿಯೊಡನೆ ವಿಷಯಗಳ ಸೂಚಿಯನ್ನೂ ಕ್ರಮವಾಗಿ ಅಚ್ಚುಮಾಡಿದರೆ, ಅವುಗಳಲ್ಲಿ ಬೆಲೆಯುಳ್ಳದ್ದು ಮೂವತ್ತನಾಲ್ಕು ವರ್ಷ ಕಾಯಬೇಕಾಗುವುದಿಲ್ಲ.